ಬೆರಳಿಗೆ ತಿಳಿಯುವ ಶಬ್ದ



ಇಂದಿನ ವಿಷಯಕ್ಕೆ ಬರುವ ಮುನ್ನ ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಪಕ್ಕದಲ್ಲಿ ಗೆಳೆಯರೊಬ್ಬರಿದ್ದರೆ ಅವರ ಕಡೆ ತಿರುಗಿ, ಧ್ವನಿ ಹೊರಡಿಸದೆ, ಬರಿಯ ತುಟಿಯಾಡಿಸಿ ‘ಅಪ್ಪ’ ಎನ್ನಿ. ಅನಂತರ ಹಾಗೆಯೇ ‘ಅಮ್ಮ’ ಎನ್ನಿ. ಯಾವುದನ್ನು ಮೊದಲು ಹೇಳಿದಿರಿ ಎಂದು ಅವರನ್ನು ಕೇಳಿ. ಅವರು ಊಹಿಸಿ ಹೇಳಬೇಕೇ ಹೊರತು ನೋಡಿ ಹೇಳುವುದು ಕಷ್ಟ. ಏಕೆಂದರೆ ಪ, ಬ, ಮ ಎಂಬ ಮೂರು ಅಕ್ಷರಗಳಿಗೂ ತುಟಿಗಳು ಒಂದೇ ಬಗೆಯಲ್ಲಿ ಕೂಡಿ, ಒಂದೇ ಬಗೆಯಲ್ಲಿ ಬಿಡುತ್ತವೆ. ಕಿವಿ ಕೇಳದ ಒಂದು ಮಗು ತನ್ನವರ ತುಟಿ ನೋಡಿ ಮಾತು ತಿಳಿಯಬೇಕಾಗಿದ್ದರೆ, ಅದರ ಕಣ್ಣಿಗೆ ಅಪ್ಪನೂ ಅಮ್ಮನೂ ಒಂದೇ ಪದ.

ಈಗ ಎರಡು ಬೆರಳುಗಳನ್ನು ಗಂಟಲಿನ ಮೇಲೆ ಹಗುರವಾಗಿ ಇಟ್ಟುಕೊಂಡು ಅದೇ ಪದಗಳನ್ನು ಗಟ್ಟಿಯಾಗಿ, ನಿಧಾನವಾಗಿ ಹೇಳಿ. ‘ಅಪ್ಪ’ ಎನ್ನುವಾಗ ಗಂಟಲಿನ ಅದುರು ನಡುವೆ ಒಂದು ಕ್ಷಣ ನಿಂತುಹೋಗುತ್ತದೆ. ‘ಅಮ್ಮ’ ಎನ್ನುವಾಗ ಅದು ಮೊದಲಿನಿಂದ ಕೊನೆಯವರೆಗೆ ಹರಿಯುತ್ತದೆ. ಆಶ್ಚರ್ಯ ಸೂಚಿಸುವ ‘ಅಬ್ಬ’ ಎಂಬುದನ್ನೂ ಹೇಳಿ ನೋಡಿ. ಅದುರು ಕ್ಷೀಣಿಸಿದರೂ ಪೂರ್ತಿ ನಿಲ್ಲುವುದಿಲ್ಲ. ಕಣ್ಣಿಗೆ ಸಿಗದ ಭೇದ ಬೆರಳಿಗೆ ಸಿಕ್ಕಿತು. ಇಂದಿನ ನನ್ನ ಮಾತೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಇಂದು ಮನೆಮನೆಯಲ್ಲಿರುವ ಸ್ಪರ್ಶಪರದೆಯ ಮೊಬೈಲು ಫೋನು ಶಬ್ದವನ್ನು ಕೇಳಿಸುತ್ತದೆ. ಅದರ ಜೊತೆಗೆ ಶಬ್ದವನ್ನು ಕಂಪನವಾಗಿ ಬದಲಿಸಿ ಅಂಗೈಗೆ ಮುಟ್ಟಿಸಲೂ ಬಲ್ಲದು. ಇದು ಹೇಗೆ ಸಾಧ್ಯ? ಶಬ್ದದಲ್ಲಿರುವ ಎಲ್ಲವೂ ಹೀಗೆ ಸ್ಪರ್ಶಕ್ಕೆ ಬರುತ್ತದೆಯೇ? ಬರದಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು? ಇವನ್ನು ಒಂದೊಂದಾಗಿ ನೋಡೋಣ.

ಶಬ್ದವೆಂದರೆ ಕಂಪನ ಎಂದು ನೀವು ಶಾಲೆಯಲ್ಲಿ ಓದಿದ್ದೀರಿ. ಕಂಪಿಸುವ ವಸ್ತು ಸುತ್ತಲಿನ ಗಾಳಿಯನ್ನು ಒತ್ತಿ ಸಡಿಲಿಸುತ್ತದೆ, ಆ ಅಲೆ ಕಿವಿಯ ತಮಟೆಯನ್ನು ತಟ್ಟುತ್ತದೆ. ಜಾತ್ರೆಯಲ್ಲಿ ಡೊಳ್ಳಿನ ಮೇಳ ಹತ್ತಿರ ಬಂದಾಗ ಅದೇ ಅಲೆ ನಿಮ್ಮ ಎದೆಗೂಡನ್ನೂ ತಟ್ಟುವುದನ್ನು ಗಮನಿಸಿರಬಹುದು. ಅಂದರೆ ನಮ್ಮ ಮೈಯೂ ಶಬ್ದಕ್ಕೆ ಪೂರ್ತಿ ಕಿವುಡಲ್ಲ. ಆದರೆ ಕಿವಿಗೂ ಚರ್ಮಕ್ಕೂ ಇರುವ ಅಂತರ ಬಹು ದೊಡ್ಡದು. ಆರೋಗ್ಯವಂತ ಯುವಕ ಯುವತಿಯರ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸುತ್ತದೆ. ಚರ್ಮದ ಮೇಲಿನ ಮಿತಿ ಸುಮಾರು 1,000ದಲ್ಲೇ ಮುಗಿಯುತ್ತದೆ. ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು ಆವೃತ್ತಿ ಎನ್ನುತ್ತೇವೆ. ಅದರ ಮಾನ ಹರ್ಟ್ಸ್.

ಚರ್ಮದೊಳಗೆ ಕಂಪನವನ್ನು ಹಿಡಿಯುವ ಸೂಕ್ಷ್ಮ ಅಂಗಗಳಿವೆ. ಅವುಗಳಲ್ಲಿ ಒಂದು ಬಗೆಯದನ್ನು 19ನೆಯ ಶತಮಾನದಲ್ಲಿ ವಿವರಿಸಿದವನು ಇಟಲಿಯ ಫಿಲಿಪ್ಪೊ ಪಸಿನಿ. ಆತನ ಹೆಸರಿನಿಂದಲೇ ಅದು ಪಸಿನಿಯ ಕಣ ಎನಿಸಿದೆ. ಉದ್ದ ಸುಮಾರು ಒಂದು ಮಿಲಿಮೀಟರು. ಒಳಗೆ ಒಂದು ನರದ ತುದಿ, ಅದರ ಸುತ್ತ ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಸುಮ್ಮನೆ ಒತ್ತಿ ಹಿಡಿದರೆ ಇದು ಬೇಗ ಸುಮ್ಮನಾಗುತ್ತದೆ. ಅದುರಿದರೆ ಮಾತ್ರ ಎಚ್ಚರಗೊಳ್ಳುತ್ತದೆ. 200ರಿಂದ 300 ಹರ್ಟ್ಸ್ ನಡುವೆ ಇದು ಅತ್ಯಂತ ಚುರುಕು. ಅಲ್ಲಿ ಒಂದು ಮೈಕ್ರಾನಿಗಿಂತ ಕಡಿಮೆ ಪಾರದ ಕಂಪನವೂ, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲನ್ನೂ ಮುಟ್ಟದ ಅಲುಗಾಟವೂ, ಬೆರಳಿನ ತುದಿಗೆ ತಿಳಿಯುತ್ತದೆ. ಇನ್ನೊಂದು ಬಗೆಯದು 1852ರಲ್ಲಿ ಜರ್ಮನಿಯ ಗೇಯೋರ್ಗ್ ಮೈಸ್ನರ್ ವಿವರಿಸಿದ ಕಣ. ಅದು 10ರಿಂದ 50 ಹರ್ಟ್ಸ್‌ನ ನಿಧಾನದ ನಡುಕವನ್ನು ಹಿಡಿಯುತ್ತದೆ.

ಇಲ್ಲಿ ಒಂದು ಶುಭ ಸಮಾಚಾರವಿದೆ, ಒಂದು ತೊಡಕೂ ಇದೆ. ಮನುಷ್ಯನ ಕಂಠದ ಮೂಲ ಆವೃತ್ತಿ ಗಂಡಸರಲ್ಲಿ ಸುಮಾರು 100ರಿಂದ 150 ಹರ್ಟ್ಸ್, ಹೆಂಗಸರಲ್ಲಿ ಸುಮಾರು 200 ಹರ್ಟ್ಸ್. ಇದು ಚರ್ಮಕ್ಕೆ ಒಗ್ಗುವ ವಲಯದೊಳಗೇ ಇದೆ. ಇದು ಶುಭ ಸಮಾಚಾರ. ಆದರೆ ‘ಸ’ಕಾರದ ಸುಯ್ಲಿನ ಶಕ್ತಿಯೆಲ್ಲ ಬಹುತೇಕ 4,000 ಹರ್ಟ್ಸ್‌ಗಿಂತ ಮೇಲೆ ಇರುತ್ತದೆ. ಅದು ಚರ್ಮಕ್ಕೆ ತಿಳಿಯುವುದೇ ಇಲ್ಲ. ಗಂಟಲ ಮೇಲೆ ಬೆರಳಿಟ್ಟು ‘ಸ್‌ಸ್‌ಸ್’ ಎಂದು ಎಳೆದು ನೋಡಿ, ಏನೂ ಅದುರದು.

ಇನ್ನೊಂದು ತೊಡಕು ಸ್ವರಭೇದದ್ದು. ಕಿವಿ ಸಾವಿರ ಹರ್ಟ್ಸ್ ಹತ್ತಿರ ಮೂರು ನಾಲ್ಕು ಹರ್ಟ್ಸ್‌ಗಳ ವ್ಯತ್ಯಾಸವನ್ನೂ ಗುರುತಿಸಬಲ್ಲದು. ಚರ್ಮಕ್ಕೆ ಎರಡು ಕಂಪನಗಳು ಬೇರೆ ಎನಿಸಬೇಕಾದರೆ ಆವೃತ್ತಿಯಲ್ಲಿ ಸುಮಾರು ಶೇಕಡಾ 20ರಷ್ಟಾದರೂ ವ್ಯತ್ಯಾಸ ಬೇಕು. ಸಂಗೀತ ಕಲಿಯುತ್ತಿರುವವರು ಲೆಕ್ಕ ಹಾಕಿ ನೋಡಿ. ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಏರಿಕೆ ಸುಮಾರು ಶೇಕಡಾ 12 ಮಾತ್ರ. ಪಂಚಮಕ್ಕೆ ಶೇಕಡಾ 50. ಅಂದರೆ ಷಡ್ಜ ಪಂಚಮಗಳ ಅಂತರ ಬೆರಳಿಗೆ ಸಿಕ್ಕೀತು, ‘ಸ’ ‘ರಿ’ಗಳ ಅಂತರ ಜಾರಿಹೋಗುತ್ತದೆ. ಆದ್ದರಿಂದ ಮೃದಂಗದ ನಡೆಯನ್ನು ಅಂಗೈಗೆ ಚೆನ್ನಾಗಿ ಮುಟ್ಟಿಸಬಹುದು. ಕೊಳಲಿನ ಗಮಕವನ್ನು ಆಗದು. ಚರ್ಮಕ್ಕೆ ಲಯ ಗೊತ್ತು, ರಾಗ ಗೊತ್ತಿಲ್ಲ ಎನ್ನೋಣ.

ಇಷ್ಟೆಲ್ಲ ಮಿತಿಗಳಿದ್ದರೂ ಸ್ಪರ್ಶದಿಂದ ಶಬ್ದವನ್ನು ತಿಳಿಯುವ ಪ್ರಯತ್ನ ಮೊಬೈಲಿಗಿಂತ ಎಷ್ಟೋ ಹಳೆಯದು. ಅಮೆರಿಕದ ಹೆಲನ್ ಕೆಲ್ಲರ್ ಅವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 19 ತಿಂಗಳ ಶಿಶುವಾಗಿದ್ದಾಗ ಬಂದ ಕಾಯಿಲೆಯಿಂದ ಆಕೆ ಕಣ್ಣು ಕಿವಿ ಎರಡನ್ನೂ ಕಳೆದುಕೊಂಡರು. 1924ರ ಫೆಬ್ರವರಿ 1ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಬೀಥೋವನ್ನನ ಒಂಬತ್ತನೆಯ ಸಿಂಫನಿ ರೇಡಿಯೊದಲ್ಲಿ ಪ್ರಸಾರವಾಯಿತು. ಮನೆಯಲ್ಲಿದ್ದ ಹೆಲನ್ ರೇಡಿಯೊದ ಶಬ್ದಗ್ರಾಹಕದ ಮುಚ್ಚಳ ತೆಗೆಸಿ, ಒಳಗಿನ ತೆಳು ತಗಡಿನ ಮೇಲೆ ಬೆರಳಿಟ್ಟರು. ನಗಾರಿಗಳ ಮೊರೆತವನ್ನೂ, ಒಟ್ಟಾಗಿ ಎದ್ದ ಮನುಷ್ಯ ಕಂಠಗಳ ಉತ್ಸಾಹವನ್ನೂ ತಾವು ಬೆರಳಿನಿಂದ ಅನುಭವಿಸಿದ್ದಾಗಿ ಮರುದಿನವೇ ವಾದ್ಯವೃಂದಕ್ಕೆ ಪತ್ರ ಬರೆದರು. ಆ ಸಂಗೀತವನ್ನು ರಚಿಸಿದವನೂ ಕಿವುಡನಾಗಿದ್ದನೆಂಬುದು ನಿಮಗೆ ಗೊತ್ತಿರಬಹುದು.

ಅದೇ 1920ರ ದಶಕದಲ್ಲಿ ಸೋಫಿಯಾ ಆಲ್ಕಾರ್ನ್ ಎಂಬ ಅಮೆರಿಕದ ಅಧ್ಯಾಪಕಿ, ಕಣ್ಣು ಕಿವಿ ಎರಡೂ ಇಲ್ಲದ ಇಬ್ಬರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಟ್ಯಾಡ್ ಮತ್ತು ಓಮಾ ಎಂಬ ಆ ಮಕ್ಕಳ ಹೆಸರುಗಳನ್ನು ಸೇರಿಸಿ ಆಕೆಯ ವಿಧಾನಕ್ಕೆ ಟಡೋಮಾ ಎಂಬ ಹೆಸರು ಬಂತು. ವಿಧಾನ ಸರಳ. ಕಲಿಯುವವರು ಮಾತನಾಡುವವರ ಮುಖದ ಮೇಲೆ ಕೈಯಿಡುತ್ತಾರೆ: ಹೆಬ್ಬೆರಳು ತುಟಿಯ ಮೇಲೆ, ನಡುವಿನ ಬೆರಳುಗಳು ಕೆನ್ನೆ ದವಡೆಗಳ ಉದ್ದಕ್ಕೆ, ಕಿರುಬೆರಳು ಗಂಟಲಿನ ಮೇಲೆ. ತುಟಿಯ ಚಲನೆ, ಬಾಯಿಂದ ಬರುವ ಉಸಿರು, ದವಡೆಯ ಏರಿಳಿತ, ಕಂಠದ ಅದುರು ಇವೆಲ್ಲ ಒಟ್ಟಿಗೆ ಕೈಗೆ ಬರುತ್ತವೆ. ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಸ್ವಲ್ಪ ನಿಧಾನವಾಗಿ ಆಡಿದ ಸಹಜ ಮಾತನ್ನು ಬಹುಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತಿದ್ದರೆಂದು 1980ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ ತೋರಿಸಿದರು.

ಕನ್ನಡ ವರ್ಣಮಾಲೆಯನ್ನು ಕಲಿತವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ. ನಮ್ಮ ವರ್ಗಾಕ್ಷರಗಳನ್ನು ಜೋಡಿಸಿರುವ ಕ್ರಮವೇ ಅಂಥದು. ಪ, ಫ, ಬ, ಭ, ಮ ಐದಕ್ಕೂ ತುಟಿಯ ಕೆಲಸ ಒಂದೇ. ಭೇದವಿರುವುದು ಉಸಿರಿನಲ್ಲಿ, ಕಂಠದಲ್ಲಿ, ಮೂಗಿನಲ್ಲಿ. ಬಾಯಿಯ ಮುಂದೆ ಅಂಗೈ ಹಿಡಿದು ‘ಪ’ ಎಂದೂ, ಒತ್ತಿ ಮಹಾಪ್ರಾಣದ ‘ಫ’ ಎಂದೂ ಹೇಳಿ. ಎರಡನೆಯದರ ಉಸಿರು ಅಂಗೈಗೆ ಬಡಿಯುತ್ತದೆ. ‘ಬ’ ಎನ್ನುವಾಗ ತುಟಿ ಬಿಚ್ಚುವ ಮೊದಲೇ ಗಂಟಲು ಅದುರುತ್ತದೆ. ‘ಮ’ ಎನ್ನುವಾಗ ಮೂಗಿನ ಪಕ್ಕವೂ ಅದುರುತ್ತದೆ. ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕ ಎಂದು ನೀವು ಬಾಯಿಪಾಠ ಮಾಡಿದ ಭೇದಗಳು ಕೈಗೆ ನಿಲುಕುವ ಭೇದಗಳು. ಟಡೋಮಾ ಕಲಿತ ಕೈ ಓದುತ್ತಿದ್ದುದು ಇವನ್ನೇ.

ಕೈಯ ಬದಲು ಯಂತ್ರವನ್ನಿಡುವ ಪ್ರಯತ್ನವೂ ಆಗಲೇ ಆರಂಭವಾಗಿತ್ತು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬರ್ಟ್ ಗಾಲ್ಟ್ 1920ರ ದಶಕದಲ್ಲಿ ಟೆಲಿಟ್ಯಾಕ್ಟರ್ ಎಂಬ ಉಪಕರಣವನ್ನು ಬೆಳೆಸಿದರು. ಮೈಕ್ರೊಫೋನಿಗೆ ಬಂದ ಮಾತು ವಿದ್ಯುತ್ತಾಗಿ, ವಿದ್ಯುತ್ತು ಕಂಪನವಾಗಿ, ಬೆರಳಿಗೆ ತಲುಪುತ್ತಿತ್ತು. ಒಂದು ರೂಪದಲ್ಲಿ ಶಬ್ದವನ್ನು ಐದು ಆವೃತ್ತಿ ವಲಯಗಳಾಗಿ ವಿಂಗಡಿಸಿ ಐದು ಬೆರಳುಗಳಿಗೆ ಹಂಚಿದ್ದರು. ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಬೆರಳೊಂದನ್ನೇ ನಂಬಿದಾಗ ಮಾತು ತಿಳಿಯುವುದು ಬಹು ಕಷ್ಟ. ತುಟಿ ನೋಡುವ ಕಣ್ಣಿನ ಜೊತೆ ಬೆರಳು ಸೇರಿದಾಗ ಕೆಲಸ ಹಗುರವಾಗುತ್ತದೆ. ಅಪ್ಪ ಅಮ್ಮ ಎಂಬ ಎರಡು ಪದಗಳಲ್ಲಿ ನೀವು ಈಗಷ್ಟೇ ಕಂಡದ್ದೂ ಇದನ್ನೇ.

ಇನ್ನು ಸ್ಪರ್ಶಪರದೆಗೆ ಬರೋಣ. ಬೆರಳು ತಾಕಿಸಿ ನಡೆಸುವ ಪರದೆಯ ಬಗ್ಗೆ ಇಂಗ್ಲೆಂಡಿನ ಇ.ಎ. ಜಾನ್ಸನ್ 1965ರಲ್ಲೇ ಬರೆದಿದ್ದರು. 1994ರಲ್ಲಿ ಐ.ಬಿ.ಎಂ.ನ ಸೈಮನ್ ಎಂಬ ಸ್ಪರ್ಶಪರದೆಯ ಫೋನು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಈ ಪರದೆಗೆ ಒಂದು ಕೊರತೆ. ಬೆರಳಚ್ಚು ಯಂತ್ರದ ಕೀಲಿ ಒತ್ತಿದರೆ ಕೆಳಗಿಳಿದು ಟಕ್ಕೆನ್ನುತ್ತದೆ; ಗಾಜಿಗೆ ಇಳಿಯುವುದು ಗೊತ್ತಿಲ್ಲ. ಮುಟ್ಟಿದ ಬೆರಳಿಗೆ ಮರುತ್ತರವೇ ಇಲ್ಲ. ಆ ಮರುತ್ತರವನ್ನು ಕೊಡಲು ಫೋನಿನ ಒಳಗೆ ಕಂಪಕವನ್ನು ಇಡುತ್ತಾರೆ.

ಕಂಪಕದಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯದು ಒಂದು ಪುಟ್ಟ ಮೋಟಾರು. ಅದರ ದಂಡಕ್ಕೆ ಒಂದೇ ಪಕ್ಕಕ್ಕೆ ವಾಲಿದ ತೂಕವಿರುತ್ತದೆ. ಮೋಟಾರು ತಿರುಗಿದಾಗ ಫೋನು ನಡುಗುತ್ತದೆ. ಇದರ ದೋಷ ಎರಡು. ವೇಗ ಹಿಡಿಯಲೂ ನಿಲ್ಲಲೂ ಇದಕ್ಕೆ ಸೆಕೆಂಡಿನ ನೂರರಲ್ಲಿ ಹಲವು ಪಾಲು ಬೇಕು. ಅಲ್ಲದೆ ಕಂಪನದ ಬಲವನ್ನು ಹೆಚ್ಚಿಸಿದರೆ ಆವೃತ್ತಿಯೂ ಹೆಚ್ಚುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿಡಲು ಬರುವುದಿಲ್ಲ. ಹೊಸ ಬಗೆಯದರಲ್ಲಿ ತಿರುಗುವ ಭಾಗವಿಲ್ಲ. ಸ್ಪ್ರಿಂಗಿಗೆ ಕಟ್ಟಿದ ತೂಕವೊಂದು ತಂತಿಸುರುಳಿ ಮತ್ತು ಅಯಸ್ಕಾಂತದ ಬಲದಿಂದ ನೇರ ರೇಖೆಯಲ್ಲಿ ಅತ್ತಿತ್ತ ಆಡುತ್ತದೆ. ಉಯ್ಯಾಲೆಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಸ್ವಲ್ಪ ಬಲಕ್ಕೇ ಎತ್ತರ ಹೋಗುವ ಹಾಗೆ, ಇದೂ ತನ್ನ ಸಹಜ ಆವೃತ್ತಿಯಲ್ಲಿ ಚೆನ್ನಾಗಿ ಅದುರುತ್ತದೆ. ಅನುರಣನೆ ಎಂದು ನೀವು ಓದಿದ್ದು ಇದನ್ನೇ. ಆ ಸಹಜ ಆವೃತ್ತಿಯನ್ನು ಸಾಮಾನ್ಯವಾಗಿ 150ರಿಂದ 250 ಹರ್ಟ್ಸ್ ಒಳಗೆ ಇಡುತ್ತಾರೆ. ಪಸಿನಿಯ ಕಣ ಚುರುಕಾಗಿರುವ ವಲಯದ ಆಸುಪಾಸು ಇದು ಎಂಬುದನ್ನು ಗಮನಿಸಿ.

ಆದರೆ ಇಂಥ ಕಂಪಕ ತನ್ನ ಒಂದು ಆವೃತ್ತಿಯಲ್ಲಿ ಮಾತ್ರ ಬಲವಾಗಿ ಮಾತನಾಡಬಲ್ಲದು. ಹಾಗಿದ್ದರೆ ನೂರಾರು ಆವೃತ್ತಿಗಳಿರುವ ಶಬ್ದವನ್ನು ಅದಕ್ಕೆ ಒಪ್ಪಿಸುವುದು ಹೇಗೆ? ಇಲ್ಲಿ ಸಹಾಯಕ್ಕೆ ಬರುವುದು ರೇಡಿಯೊದ ಹಳೆಯ ಉಪಾಯ. ವಾಹಕ ತರಂಗದ ಪಾರವನ್ನು ಸಂದೇಶಕ್ಕೆ ತಕ್ಕಂತೆ ಏರಿಳಿಸುವ ಕ್ರಮ ಅದು. ಇಲ್ಲಿ ಕಂಪಕದ ಸಹಜ ಆವೃತ್ತಿಯೇ ವಾಹಕ, ಶಬ್ದದ ಜೋರು ಮೆಲ್ಲಗೆಗಳೇ ಸಂದೇಶ.

ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಸೋಸುವುದು. ಶಬ್ದವನ್ನು ಫೋನು ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿ ಇಟ್ಟುಕೊಂಡಿರುತ್ತದೆ ಎನ್ನೋಣ. ಅದರಲ್ಲಿ ಬೇಕಾದ ಆವೃತ್ತಿಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಲೆಕ್ಕದಿಂದಲೇ ಕಳೆಯಬಹುದು. ಎರಡನೆಯದು ಹೊರರೇಖೆ ತೆಗೆಯುವುದು. ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ 480 ಅಂಕಿಗಳು ಸಿಗುತ್ತವೆ. ಅವುಗಳ ವರ್ಗಗಳ ಸರಾಸರಿಯ ವರ್ಗಮೂಲ ಕಂಡುಹಿಡಿದರೆ ಆ ಹೊತ್ತಿನಲ್ಲಿ ಶಬ್ದ ಎಷ್ಟು ಜೋರಿತ್ತೆಂಬುದು ತಿಳಿಯುತ್ತದೆ. ಹೀಗೆ ಒಂದೊಂದೇ ಗುಂಪನ್ನು ಲೆಕ್ಕ ಮಾಡುತ್ತ ಹೋದರೆ ಏರಿಳಿಯುವ ಒಂದು ಗೆರೆ ಮೂಡುತ್ತದೆ. ಮೂರನೆಯದು ಆ ಗೆರೆಯ ಎತ್ತರಕ್ಕೆ ತಕ್ಕಂತೆ ಕಂಪಕವನ್ನು ಅದುರಿಸುವುದು. ಇವೆಲ್ಲ ಬೇಗ ಮುಗಿಯಬೇಕು. ಕಿವಿಗೆ, ಕಣ್ಣಿಗೆ ಬಂದದ್ದಕ್ಕಿಂತ ಕಂಪನ ತೀರ ತಡವಾದರೆ ಎರಡೂ ಒಂದೇ ಘಟನೆಯೆಂದು ಮನಸ್ಸು ಒಪ್ಪುವುದಿಲ್ಲ.

ಇದನ್ನು ‘ಅಪ್ಪ’ ಎಂಬ ಪದಕ್ಕೆ ಹಚ್ಚಿ ನೋಡಿ. 80ರಿಂದ 400 ಹರ್ಟ್ಸ್‌ವರೆಗಿನ ಕಂಠಧ್ವನಿಯನ್ನು ಮಾತ್ರ ಸೋಸಿ ತೆಗೆದರೆ, ಗೆರೆ ಎದ್ದು, ನೆಲಕ್ಕೆ ಬಿದ್ದು, ಮತ್ತೆ ಏಳುತ್ತದೆ: ಕೈಗೆ ಎರಡು ತುಡಿತ, ನಡುವೆ ಮೌನ. ‘ಅಮ್ಮ’ನಲ್ಲಿ ಗೆರೆ ಬೀಳುವುದಿಲ್ಲ: ಒಂದೇ ಉದ್ದನೆಯ ತುಡಿತ. ನಡುವಿನ ಆ ಮೌನವೇ ಇಲ್ಲಿ ಅರ್ಥವನ್ನು ಹೊರುತ್ತದೆ. ನಿಧಾನವಾಗಿ ನಿಲ್ಲುವ ಹಳೆಯ ಮೋಟಾರಿನಲ್ಲಿ ಆ ಮೌನ ಮಸುಕಾಗುತ್ತದೆ. ಚುರುಕಾದ ಕಂಪಕದಲ್ಲಿ ಸ್ಪಷ್ಟವಾಗಿ ಉಳಿಯುತ್ತದೆ. ಕಾರ್ಖಾನೆಯಲ್ಲಿ ಯಾವ ಬಗೆಯ ಕಂಪಕ ಹಾಕಬೇಕೆಂಬ ಲೆಕ್ಕಾಚಾರಕ್ಕೂ ಮಗುವೊಂದು ಅಪ್ಪ ಅಮ್ಮಂದಿರ ಹೆಸರನ್ನು ಬೇರೆ ಮಾಡಿ ತಿಳಿಯುವುದಕ್ಕೂ ಹೀಗೆ ನಂಟಿದೆ.

ಸೋಸದೆ ಇಡೀ ಶಬ್ದವನ್ನು ಕಂಪಕಕ್ಕೆ ಸುರಿದರೆ ಏನಾಗುತ್ತದೆ? ಫ್ಯಾನಿನ ಗುಂಯ್‌ಗುಡುವಿಕೆ, ಬೀದಿಯ ಬಸ್ಸು, ಪಕ್ಕದ ಮನೆಯ ಮಿಕ್ಸಿ ಎಲ್ಲವೂ ಸೇರಿ ಫೋನು ಒಂದೇ ಸಮನೆ ನಡುಗುತ್ತದೆ. ಒಂದೇ ಸಮನಾದ ನಡುಕಕ್ಕೆ ಚರ್ಮ ಬೇಗ ಒಗ್ಗಿಹೋಗಿ ಗಮನವನ್ನೇ ಕೊಡುವುದಿಲ್ಲ. ಎಲ್ಲವನ್ನೂ ಹೇಳಹೊರಟರೆ ಏನೂ ತಿಳಿಯದ ಸ್ಥಿತಿ ಇದು. ಆದ್ದರಿಂದ ಶಬ್ದವನ್ನು ಸ್ಪರ್ಶಕ್ಕೆ ತರುವುದು ನಕಲು ಮಾಡುವ ಕೆಲಸವಾಗಲಾರದು. ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವ ಹಾಗೆ ಸಾರವನ್ನು ಆರಿಸಿಕೊಳ್ಳುವ ಕೆಲಸ.

ಈ ತಂತ್ರ ಈಗ ಪ್ರಯೋಗಶಾಲೆಯಿಂದ ಹೊರಬಂದಿದೆ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಲ್ಲಿ, ಶಬ್ದದಿಂದ ಕಂಪನವನ್ನು ತಾನಾಗಿ ಹುಟ್ಟಿಸುವ ಅನುಕೂಲವನ್ನು ತಂತ್ರಾಂಶ ಬರೆಯುವವರಿಗೆ ಒದಗಿಸಲಾಯಿತು; ಅದಕ್ಕೆ ಒಗ್ಗುವ ಫೋನು ಬೇಕು. 2024ರಲ್ಲಿ ಆಪಲ್ ಕಂಪನಿ, ಕಿವಿ ಕೇಳದವರನ್ನು ಗಮನದಲ್ಲಿಟ್ಟು, ಹಾಡಿನ ಜೊತೆ ಹೊಂದಿಕೊಂಡು ತಟ್ಟುವ ಮತ್ತು ಅದುರುವ ಸೌಲಭ್ಯವನ್ನು ಐಫೋನಿಗೆ ಸೇರಿಸಿತು. 2020ರಿಂದ ಎರಡೂ ಬಗೆಯ ಫೋನುಗಳಲ್ಲಿ ಇನ್ನೊಂದು ಉಪಯೋಗವಿದೆ: ಮಗುವಿನ ಅಳು, ಬಾಗಿಲ ಗಂಟೆ, ಬೆಂಕಿಯ ಎಚ್ಚರಿಕೆಯ ಸದ್ದು ಇವನ್ನು ಫೋನು ತಾನೇ ಗುರುತಿಸಿ, ಅದುರಿ, ಪರದೆಯ ಮೇಲೆ ಬರೆದು ತೋರಿಸುತ್ತದೆ. ಆದರೆ ಜೀವಕ್ಕೆ ಅಪಾಯವಿರುವ ಸಂದರ್ಭದಲ್ಲಿ ಇದನ್ನೇ ನಂಬಿ ಕೂರಬಾರದೆಂದು ಆಪಲ್ ಕಂಪನಿಯೇ ಎಚ್ಚರಿಸಿದೆ.

ಗಾಜಿನ ಮೇಲ್ಮೈಯನ್ನೇ ಸ್ಪರ್ಶಕ್ಕೆ ಬೇರೆಯಾಗಿ ತೋರಿಸುವ ದಾರಿಯೂ ಇದೆ. 2010ರಲ್ಲಿ ಡಿಸ್ನಿ ಸಂಶೋಧನಾಲಯದವರು ಪರದೆಗೆ ಏರಿಳಿಯುವ ವಿದ್ಯುದ್ವಿಭವ ಕೊಟ್ಟು, ಅದರ ಮೇಲೆ ಆಡುವ ಬೆರಳಿಗೆ ನುಣುಪು ಒರಟುಗಳ ಭಾಸವಾಗುವಂತೆ ಮಾಡಿ ತೋರಿಸಿದರು. ಬೆರಳು ಸರಿಯುತ್ತಿದ್ದರೆ ಮಾತ್ರ ಈ ಅನುಭವ, ನಿಂತರೆ ಇಲ್ಲ.

ಇಲ್ಲಿ ಒಂದು ವಿವೇಕದ ಮಾತು. ಸಾಮಾನ್ಯ ಫೋನಿನಲ್ಲಿ ಕಂಪಕ ಒಂದೇ. ಅದು ಅದುರಿದರೆ ಇಡೀ ಫೋನು ಅದುರುತ್ತದೆ. ಟಡೋಮಾ ಕೈಗೆ ಏಕಕಾಲಕ್ಕೆ ನಾಲ್ಕಾರು ಸುದ್ದಿಗಳು ಬರುತ್ತಿದ್ದರೆ ಇಲ್ಲಿ ಬರುವುದು ಒಂದೇ ಸುದ್ದಿ. ಆದ್ದರಿಂದ ಫೋನು ಅದುರಿದ ಮಾತ್ರಕ್ಕೆ ಕಿವುಡರಿಗೆ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶ್ರವಣಸಾಧನದ ಅಥವಾ ಸನ್ನೆಭಾಷೆಯ ಜಾಗವನ್ನು ಇದು ತುಂಬಲಾರದು. ಸನ್ನೆಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಒಬ್ಬೊಬ್ಬರ ಅಗತ್ಯ ಒಂದೊಂದು. ಯಾವ ಶಬ್ದ ತಮಗೆ ಬೇಕು, ಯಾವುದು ಬೇಡ ಎಂದು ಹೇಳಬೇಕಾದವರು ಅವರೇ; ಉಪಕರಣ ಮಾಡುವವರು ಮೊದಲು ಅವರನ್ನು ಕೇಳಬೇಕು.

ನಿಮ್ಮಲ್ಲಿ ಕಿರಿಯರು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಊದಿದ ಬಲೂನನ್ನು ಎರಡು ಅಂಗೈಗಳ ನಡುವೆ ಹಗುರವಾಗಿ ಹಿಡಿದು ರೇಡಿಯೊದ ಮುಂದೆ ನಿಲ್ಲಿ. ವಾರ್ತೆ ಓದುವ ಧ್ವನಿ, ಮೃದಂಗ, ಪಿಟೀಲು ಇವುಗಳಲ್ಲಿ ಅಂಗೈಗೆ ಯಾವುದು ಹೆಚ್ಚು ತಿಳಿಯುತ್ತದೆ ಎಂದು ಬರೆದಿಡಿ. ಕಾಲೇಜಿನಲ್ಲಿ ಗಣಕ ಕಲಿಯುತ್ತಿರುವವರು ಅಪ್ಪ, ಅಬ್ಬ, ಅಮ್ಮ ಎಂಬ ಮೂರು ಪದಗಳನ್ನು ಧ್ವನಿಮುದ್ರಿಸಿ, ನಾನು ಹೇಳಿದ ಮೂರು ಹಂತಗಳ ತಂತ್ರಾಂಶ ಬರೆದು, ಗೆರೆಗಳನ್ನು ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಎಳೆದು ನೋಡಿ. ಬಳಿಕ ಫೋನನ್ನು ಗೆಳೆಯರ ಕೈಗೆ ಕೊಟ್ಟು, ಕಿವಿ ಮುಚ್ಚಿಸಿ, ಹತ್ತು ಸಲದಲ್ಲಿ ಎಷ್ಟು ಸಲ ಸರಿಯಾಗಿ ಗುರುತಿಸುತ್ತಾರೆಂದು ಎಣಿಸಿ. ಪದಗಳ ಪಟ್ಟಿಯನ್ನು ಬೆಳೆಸಿ: ಪಡಿ, ಬಡಿ, ಮಡಿ ಸೇರಿಸಿ. ಎಲ್ಲಿ ಸೋಲುತ್ತದೋ ಅಲ್ಲಿಂದಲೇ ನಿಮ್ಮ ಕೆಲಸ ಆರಂಭ. ಕನ್ನಡದ ಧ್ವನಿಗಳಲ್ಲಿ ಯಾವುದನ್ನು ಕಣ್ಣು ಬಿಟ್ಟುಬಿಡುತ್ತದೆ, ಅದರಲ್ಲಿ ಯಾವುದನ್ನು ಬೆರಳು ಹಿಡಿಯಬಲ್ಲದು ಎಂಬ ಪಟ್ಟಿಯನ್ನು ಕನ್ನಡ ಬಲ್ಲವರೇ ಮಾಡಬೇಕು. ಆ ಪಟ್ಟಿಗೆ ಬೇಕಾದ ಉಪಕರಣಗಳೆಲ್ಲ ಈಗ ನಿಮ್ಮ ಕೈಯಲ್ಲೇ ಇವೆ.